ಗುಲ್ಮದ ಜಾಲ ಬಿಡಿಸುತ್ತಿದ್ದ ಕೈ

ಒಂಬತ್ತು ಸಾವಿರ ರೂಪಾಯಿ. ಆರು ಬಾಟಲಿಗಳನ್ನು ನನ್ನ ಹೆಸರಿನಲ್ಲಿ ಬೇರೆಯಾಗಿ ಎತ್ತಿಡಲು ಮುಂಬಯಿಯ ವಿತರಕ ಕೇಳಿದ ಮುಂಗಡ ಅಷ್ಟೇ. ಸರಕು ಬಂದಮೇಲೆ ಬಿಲ್ಲಿನಲ್ಲಿ ಕಳೆದುಕೊಡುತ್ತಿದ್ದ ಹಣ, ಹಾಗೆ ನೋಡಿದರೆ ಅದು ಖರ್ಚೂ ಅಲ್ಲ. ಆದರೂ ನಾನು ಕಟ್ಟಲಿಲ್ಲ. ಮುಂಗಡ ಕೇಳುವವರು ಹತ್ತರಲ್ಲಿ ಒಂಬತ್ತು ಸಲ ಸುಮ್ಮನೆ ಹೆದರಿಸುತ್ತಾರೆ, ಗಟ್ಟಿಯಾಗಿ ಕೂತರೆ ಮುಂಗಡವಿಲ್ಲದೆಯೇ ಸರಕು ಕೊಡುತ್ತಾರೆ ಎನ್ನುವುದು ನನ್ನ ಅನುಭವ. ಹತ್ತನೆಯ ಸಲ ಏನಾಗುತ್ತದೆ ಎನ್ನುವುದನ್ನು ಬರೆಯಲು ಕೂತಿದ್ದೇನೆ.

ಪುಣೆಯ ಪ್ರಯೋಗಾಲಯಗಳಿಗೆ ಕೈಗವಸು, ಪ್ಲಾಸ್ಟಿಕ್ ತಟ್ಟೆ, ರಾಸಾಯನಿಕ ಪೂರೈಸುವುದು ನನ್ನ ಕಸುಬು. ವಿಜಯಪುರದಿಂದ ಬಂದಾಗ ನನ್ನ ಹತ್ತಿರ ಬಿ.ಎಸ್‌ಸಿ. ಪದವಿಯೂ ಕೈಬದಲಾಗಿ ಬಂದ ಒಂದು ಸ್ಕೂಟಿಯೂ ಇದ್ದವು. ಈಗ ಚಿಂಚವಡದಲ್ಲಿ ಗೋದಾಮು ಇದೆ, ಎರಡು ದೊಡ್ಡ ಫ್ರೀಜರ್ ಇವೆ, ಮೂರು ಮಂದಿ ಕೆಲಸಕ್ಕಿದ್ದಾರೆ. ಯಾರೂ ಎತ್ತಿ ಕೂರಿಸಲಿಲ್ಲ ಅಂತ ನಾನು ಎಲ್ಲ ಕಡೆ ಹೇಳಿಕೊಂಡು ಬಂದವಳು. ಅದು ಪೂರ್ತಿ ನಿಜವಲ್ಲ. ಒಬ್ಬರಿದ್ದರು. ಅವರ ಹೆಸರು ಬರೆಯುವುದಿಲ್ಲ. ಅವರ ಹೆಸರಿಗೆ ನಾನು ಮಾಡಿದ್ದೇ ಸಾಕು. ನಾನು ಅವರನ್ನು ಕರೆಯುತ್ತಿದ್ದದ್ದು ಅಕ್ಕಾರು ಎಂದು.

ಬಾವಧನದ ಕಡೆ ಗುಡ್ಡಕ್ಕೆ ಆತುಕೊಂಡ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅಕ್ಕಾರು ಹಿರಿಯ ತಂತ್ರಜ್ಞೆ. ವಿಜ್ಞಾನಿಗಳು ಕಾಗದದ ಮೇಲೆ ಬರೆದ ಪ್ರಯೋಗವನ್ನು ಕೈಯಿಂದ ಮಾಡಿ ತೋರಿಸುವ ಕೆಲಸ ಅವರದು. ನಾನು ಮೊದಲ ಸಲ ಕೈಗವಸಿನ ಡಬ್ಬಿ ಹಿಡಿದು ಹೋಗಿ, ಮರಾಠಿಯಲ್ಲಿ ನನ್ನ ಪಾಠ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಡಬ್ಬಿಯಿಂದ ಒಂದು ಗವಸು ಎಳೆದು, ಅದಕ್ಕೆ ನೀರು ತುಂಬಿ, ಬಾಯಿಗೆ ಗಂಟು ಹಾಕಿ ನಲ್ಲಿಗೆ ನೇತುಹಾಕಿದರು.

"ಕೂಡವಾ. ಒಂದು ತಾಸು ನೋಡೂಣು," ಎಂದರು, ಕನ್ನಡದಲ್ಲಿ.

ನಾನು ಕನ್ನಡದವಳೆಂದು ಹೇಗೆ ತಿಳಿಯಿತು ಅಂತ ಕೇಳಿದೆ. ರೇಟು ಹೇಳುವಾಗ ನಿನ್ನ ತುಟಿ ಮೊದಲು ಕನ್ನಡದಲ್ಲಿ ಎಣಿಸಿ ಆಮೇಲೆ ಮರಾಠಿಯಲ್ಲಿ ಹೇಳುತ್ತದೆ ಅಂದರು. ಒಂದು ತಾಸಿನ ಹೊತ್ತಿಗೆ ಗವಸಿನ ಕಿರುಬೆರಳ ತುದಿಯಲ್ಲಿ ಒಂದು ಹನಿ ಮೂಡಿತ್ತು. ನಾನು ಚೀಲ ಎತ್ತಿಕೊಂಡೆ. ಅವರು ಬೈಯಲಿಲ್ಲ. ಮುಂದಿನ ವಾರ ಇನ್ನೊಂದು ಕಂಪನಿಯದು ತಾ, ಬರುವ ಮುಂಚೆ ನೀನೇ ನೀರು ತುಂಬಿ ನೋಡಿಕೊಂಡು ಬಾ ಅಂದರು. ಅಂದಿನಿಂದ ನನ್ನ ಗೋದಾಮಿನಲ್ಲಿ ಪ್ರತಿ ಪೆಟ್ಟಿಗೆಯಿಂದ ಎರಡು ಗವಸು ನಲ್ಲಿಗೆ ನೇತಾಡುತ್ತವೆ. ಈ ಒಂದು ಅಭ್ಯಾಸ ನನಗೆ ಎಷ್ಟು ಗಿರಾಕಿಗಳನ್ನು ತಂದುಕೊಟ್ಟಿದೆ ಅಂದರೆ ಹೇಳಲಾರೆ. ಕೈಗವಸು ಮಾರುವವರು ಯಾರಾದರೂ ಇದನ್ನು ಓದುತ್ತಿದ್ದರೆ ನಾಳೆಯಿಂದಲೇ ಶುರು ಮಾಡಿ.

ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಪುಣೆಯಲ್ಲಿ ಅವರೊಬ್ಬರೇ. ಅವರು ಬಾಯಿ ಬಿಡುತ್ತಿರಲಿಲ್ಲ. ನನ್ನ ದರಪಟ್ಟಿ ತೆಗೆದುಕೊಂಡು ಓದಿ ಒಂದು ಮಡಿಕೆ ಮಡಚುವರು. ನಾನು ಮಾತಾಡಿದಷ್ಟೂ ಇನ್ನೊಂದು ಮಡಿಕೆ. ಕಾಗದ ಅಂಚೆಚೀಟಿಯಷ್ಟಾಗುವ ಹೊತ್ತಿಗೆ ನಾನೇ ನೂರಕ್ಕೆ ಹನ್ನೆರಡು ಇಳಿಸಿರುತ್ತಿದ್ದೆ. ಆಗ ಅದನ್ನು ಬಿಡಿಸಿ, ಸಾಪು ಮಾಡಿ, ಹೊಸ ದರ ಬರೆದುಕೊಂಡು, "ಚಾ ಕುಡೀತಿಯೇನು?" ಅನ್ನುವರು.

ಕುಳ್ಳಗಿನ ಮೈಕಟ್ಟು. ಬಿಳಿ ಕೋಟಿನ ತೋಳು ಯಾವಾಗಲೂ ಉದ್ದವಾಗಿ, ಅದಕ್ಕೆ ರಬ್ಬರ್ ಬ್ಯಾಂಡು. ಗಂಡ ದೇಹೂ ರೋಡಿನ ಸೈನ್ಯದ ಡಿಪೋದಲ್ಲಿ ಗುಮಾಸ್ತರಾಗಿದ್ದವರು. ಮನೆಯೂ ಅಲ್ಲೇ. ಅಕ್ಕಾರು ಅಲ್ಲಿಂದ ಲೋಣಾವಳಾ ಲೋಕಲ್ ರೈಲು ಹಿಡಿದು, ಶಿವಾಜಿನಗರದಲ್ಲಿ ಇಳಿದು, ಮತ್ತೆ ಬಸ್ಸು ಹತ್ತಿ ಬರುತ್ತಿದ್ದರು. ನನ್ನ ವ್ಯಾನಿನಲ್ಲಿ ಬಿಡುತ್ತೇನೆಂದು ನಾನು ಎಷ್ಟು ಸಲ ಹೇಳಿದರೂ ಹತ್ತಲಿಲ್ಲ. ಸರಕು ಮಾರುವವರ ಗಾಡಿ ಹತ್ತಬಾರದು ಅಂತ ನೇರವಾಗಿಯೇ ಹೇಳಿದ್ದರು. ಪ್ರಯೋಗಾಲಯದ ಹುಡುಗ ಹುಡುಗಿಯರನ್ನು ಹೊಗಳಿದ್ದು ಕಡಿಮೆ. ಪಿಎಚ್.ಡಿ. ಮಾಡುವ ಒಬ್ಬನಿಗೆ, "ನಿನ್ನ ಕೈಯಾಗ ಪಿಪೆಟ್ ಕೊಟ್ಟವ್ರು ನಿನ್ನ ವೈರಿ ಇರಬೇಕು ನೋಡು," ಅನ್ನುವ ಅರ್ಥದ ಮಾತನ್ನು ಹಿಂದಿಯಲ್ಲಿ ಹೇಳಿ ಅಳಿಸಿದ್ದನ್ನು ನಾನೇ ನೋಡಿದ್ದೇನೆ. ಮರುದಿನ ಬೆಳಿಗ್ಗೆ ಏಳಕ್ಕೆ ಬಂದು ಅವನ ಹಿಂದೆ ನಿಂತು ಅವನ ಹೆಬ್ಬೆರಳನ್ನು ಸರಿಯಾದ ಜಾಗಕ್ಕೆ ಒತ್ತಿದ್ದನ್ನು ಅವನೇ ಆಮೇಲೆ ನನಗೆ ಹೇಳಿದ.

ಇಲಿಗಳ ವಿಷಯದಲ್ಲಿ ಅವರದು ಒಂದು ಕಟ್ಟುನಿಟ್ಟು ಇತ್ತು. ಅವರ ಪ್ರಯೋಗಗಳಿಗೆ ಇಲಿಗಳು ಬೇಕು, ಅದಕ್ಕೆ ಸಮಿತಿಯ ಒಪ್ಪಿಗೆ, ನೋವಾಗದ ಹಾಗೆ ಮಾಡುವ ವಿಧಾನ ಎಲ್ಲ ಇರುತ್ತದೆ. ಅಕ್ಕಾರು ಅವನ್ನು ಇಲಿ ಅನ್ನುತ್ತಿರಲಿಲ್ಲ. "ಇವತ್ತು ನಾಕು ಜೀವ," ಅನ್ನುವರು. ಆ ಕೋಣೆಯಲ್ಲಿ ಮೊಬೈಲಿನ ಹಾಡು ಬಂದ್. ತಮಗೆ ಬೇಕಾದ ಗುಲ್ಮ ತೆಗೆದುಕೊಂಡ ಕೂಡಲೇ ಕಾರಿಡಾರಿಗೆ ಬಂದು, ಲಿವರ್ ಯಾರಿಗೆ, ಮೂಳೆ ಯಾರಿಗೆ ಅಂತ ಮರಾಠಿಯಲ್ಲಿ ಕೂಗಿ ಕೇಳುವರು. ಒಂದು ಜೀವ ಹೋದಮೇಲೆ ಅದರ ಯಾವ ಭಾಗವೂ ಸುಮ್ಮನೆ ಹೋಗಬಾರದು ಎನ್ನುವುದು ಅವರ ಲೆಕ್ಕ. ಈ ಉಳಿತಾಯ ನನಗೆ ಅರ್ಥವಾಗುವಂಥದ್ದು, ಹಾಗಾಗಿ ಬಹಳ ಮೆಚ್ಚಿದ್ದೆ. ಅದನ್ನೇ ಹಿಡಿದು ಮುಂದೆ ಅವರಿಗೆ ಮೋಸ ಮಾಡಿದೆ.

ಗುಲ್ಮ ಅಂದರೆ ಹೊಟ್ಟೆಯ ಎಡಬದಿಯಲ್ಲಿ, ಪಕ್ಕೆಲುಬಿನ ಕೆಳಗೆ ಇರುವ ಮುಷ್ಟಿಯಷ್ಟು ಗಾತ್ರದ ಅಂಗ. ಹರಿದು ಬಂದ ರಕ್ತವನ್ನು ಸೋಸುತ್ತದೆ. ರಕ್ತದಲ್ಲಿ ರೋಗದ ಸುಳಿವು ಸಿಕ್ಕರೆ ದೇಹದ ರಕ್ಷಣಾ ಕೋಶಗಳು ಅಲ್ಲೇ ಸೇರಿ ಹೋರಾಟ ಶುರುಮಾಡುತ್ತವೆ. ಇದನ್ನು ಅಭ್ಯಾಸ ಮಾಡುವವರು ಇಲಿಯ ಗುಲ್ಮವನ್ನು ಒಂದು ಸಣ್ಣ ಜಾಲರಿಯ ಮೇಲಿಟ್ಟು ತಿಕ್ಕುತ್ತಾರೆ. ರಕ್ಷಣಾ ಕೋಶಗಳು ಸಡಿಲವಾಗಿರುವುದರಿಂದ ಕೆಳಗೆ ಇಳಿಯುತ್ತವೆ. ಜಾಲರಿಯ ಮೇಲೆ ಬಿಳಿಯ ನಾರಿನಂಥದ್ದು ಉಳಿಯುತ್ತದೆ. ಎಲ್ಲರೂ ಕೆಳಗಿನದನ್ನು ಇಟ್ಟುಕೊಂಡು ಮೇಲಿನ ನಾರನ್ನು ಬಿಸಾಡುವವರೇ. ಅಕ್ಕಾರ ಪ್ರಯೋಗಾಲಯದಲ್ಲಿ ಮಾತ್ರ ಆ ನಾರೇ ಮುಖ್ಯ. ಅದಕ್ಕೆ ಏನು ಅಷ್ಟು ಬೆಲೆ ಅಂತ ಒಂದು ಸಲ ಕೇಳಿದೆ. ನಾನು ಬೆಲೆ ಕೇಳಿದ್ದಕ್ಕೆ ನಕ್ಕು, ನನ್ನ ಭಾಷೆಯಲ್ಲೇ ಹೇಳಿದರು.

"ಮಾರ್ಕೆಟ್ ಯಾರ್ಡಿಗೆ ಹೋಗಿಯಲ್ಲ? ಅಲ್ಲೆ ಏನು ಕಾಣ್ತದ? ವ್ಯಾಪಾರಿ, ಗಿರಾಕಿ, ಗದ್ದಲ. ಆದ್ರ ಉಳ್ಳಾಗಡ್ಡಿ ಗಾಡಿ ಉಳ್ಳಾಗಡ್ಡಿ ಸಾಲಿಗೇ ಹೋಗೂಹಂಗ ಯಾರು ಹಚ್ಚಿಕೊಡ್ತಾರ? ಕಾಯ್ಕೋತ ನಿಂತವ್ರಿಗೆ ಚಾ ಯಾರು ಕೊಡ್ತಾರ? ಜಗಳ ಹೆಚ್ಚಾದ್ರ ಸಾಕು ಬಿಡ್ರಿ ಅಂತ ಯಾರು ಅಂತಾರ? ಅವ್ರನ್ನ ಯಾರೂ ಎಣಸೂದಿಲ್ಲ. ಈ ನಾರಿನ್ಯಾಗ ಇರೂ ಕೋಶಾನೂ ಹಂಗ."

ಆ ಆಧಾರ ಕೋಶಗಳು ಗುಲ್ಮದೊಳಗೆ ಬಲೆ ಹೆಣೆದುಕೊಂಡಿರುತ್ತವಂತೆ. ಬಹಳ ಕಾಲ ಅವು ಬರೀ ಚಪ್ಪರದ ಕಂಬ ಅಂತಲೇ ಎಲ್ಲರೂ ತಿಳಿದಿದ್ದರಂತೆ. ಆದರೆ ಯಾವ ರಕ್ಷಣಾ ಕೋಶ ಎಲ್ಲಿ ಸೇರಬೇಕು ಎನ್ನುವುದಕ್ಕೆ ಅವೇ ಒಂದು ಬಗೆಯ ರಾಸಾಯನಿಕ ವಾಸನೆ ಬಿಟ್ಟು ಕರೆಯುತ್ತವೆ. ಕಾದು ಕೂತವು ಸಾಯದ ಹಾಗೆ ಪೋಷಿಸುತ್ತವೆ. ಹೋರಾಟ ಅತಿಯಾಗಿ ದೇಹಕ್ಕೇ ಹಾನಿಯಾಗುವ ಹಾಗಾದರೆ ಕಡಿವಾಣವನ್ನೂ ಹಾಕುತ್ತವೆ.

"ಅಂದ್ರ ಕಂಬ ಅಂತ ತಿಳಿದಿದ್ದು, ಎಲ್ಲಾರನ್ನೂ ನಡಸೂ ಮುಕಾದಮ ಇದ್ದ ಅನ್ರಿ," ಎಂದೆ.

"ಹಂಗ ಅನ್ನು. ಆದ್ರ ಆ ಹುಡುಗಿ ಮುಂದ ಅನಬ್ಯಾಡ, ಪೇಪರಿನ್ಯಾಗ ಹಾಕ್ಯಾಳು."

ಆ ಹುಡುಗಿ ಅಂದರೆ ಪ್ರಯೋಗಾಲಯದ ಮುಖ್ಯಸ್ಥೆ, ಮೈಸೂರಿನ ಕಡೆಯ ಯುವ ವಿಜ್ಞಾನಿ. ರೋಗ ವಾಸಿಯಾದ ಮೇಲೂ ಕೆಲವರ ದೇಹ ಹೋರಾಟ ನಿಲ್ಲಿಸದೆ ತನ್ನನ್ನೇ ದಂಡಿಸುತ್ತದಲ್ಲ, ಆಗ ಈ ಸಾಕು ಅನ್ನುವ ಕೋಶಗಳಿಗೆ ಏನಾಗಿರುತ್ತದೆ ಎನ್ನುವುದು ಅವರ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಬೇಕಾದರೆ ನಾರಿನಿಂದ ಕೋಶಗಳನ್ನು ಜೀವಂತವಾಗಿ ಬಿಡಿಸಿ ಎಣಿಸಬೇಕು. ಬಿಡಿಸುವ ಕೈ ಅಕ್ಕಾರದು. ಅರವತ್ತು ತುಂಬಿದರೂ ಅವರನ್ನು ಇನ್ನೆರಡು ವರ್ಷ ಇರಿಸಿಕೊಂಡು ಹುಡುಗರಿಗೆಲ್ಲ ಕಲಿಸಬೇಕು ಅಂತ ಆಕೆ ಅರ್ಜಿಯನ್ನೂ ಬರೆದಿಟ್ಟಿದ್ದರು.

ಈಗ ನನ್ನ ಸರಕಿನ ಮಾತು. ನಾರು ಕರಗಿಸಲು ಒಂದು ಕಿಣ್ವದ ಪುಡಿ ಬೇಕು. ಅದನ್ನು ಬ್ಯಾಕ್ಟೀರಿಯಾಗಳಿಂದ ತೆಗೆಯುವುದರಿಂದ ಪ್ರತಿ ಸಲದ ತಯಾರಿಕೆಯೂ, ಅಂದರೆ ಪ್ರತಿ ಲಾಟೂ, ಬೇರೆ ಬೇರೆ. ಒಂದು ಲಾಟು ನಾರನ್ನು ಮೆತ್ತಗೆ ಬಿಡಿಸುತ್ತದೆ. ಇನ್ನೊಂದು, ಅದೇ ಕಂಪನಿ, ಅದೇ ಹೆಸರು, ಕೋಶಗಳ ಮೈಮೇಲಿನ ಗುರುತುಗಳನ್ನೇ ಕಚ್ಚಿಹಾಕುತ್ತದೆ. ಆಮೇಲೆ ಆ ಗುರುತು ನೋಡಿ ಎಣಿಸುವ ಯಂತ್ರಕ್ಕೆ ಹಾಕಿದರೆ ಕೋಶಗಳು ಇಲ್ಲವೇ ಇಲ್ಲವೇನೋ ಅನಿಸುತ್ತದೆ. ಅದಕ್ಕೇ ಈ ಕಸುಬಿನಲ್ಲಿ ಒಂದು ಪದ್ಧತಿ. ನಾಲ್ಕೈದು ಲಾಟುಗಳ ಸಣ್ಣ ಮಾದರಿ ತರಿಸಿ, ಪರೀಕ್ಷೆ ಮಾಡಿ, ಒಂದನ್ನು ಆರಿಸಿ, ಆ ಲಾಟ್ ನಂಬರಿನ ಬಾಟಲಿಗಳನ್ನೇ ಹಿಡಿದಿಡಲು ಪೂರೈಕೆದಾರರಿಗೆ ಹೇಳುತ್ತಾರೆ. ಅಕ್ಕಾರು ಐದು ಲಾಟು ಪರೀಕ್ಷಿಸಿ ಒಂದನ್ನು ಆರಿಸಿದರು. ನಂಬರನ್ನು ಚೀಟಿಯಲ್ಲಿ ಬರೆದು ನನ್ನ ಅಂಗೈಗೆ ಒತ್ತಿ, ಇದೇ ಬೇಕು, ಆರು ಬಾಟಲಿ, ಹಿಡಿದಿಡು ಅಂದರು. ಹಿಡಿದಿಟ್ಟಿದ್ದೇನೆ ಎಂದೆ. ಸಂಸ್ಥೆಯ ಕಾಗದಪತ್ರ ಮುಗಿದು ಆರ್ಡರು ಬರಲು ಮೂರು ತಿಂಗಳು ಹಿಡಿಯಿತು. ಮುಂಗಡ ಕಟ್ಟದೆ ನಾನು ಹಿಡಿದಿಟ್ಟ ಬಾಟಲಿಗಳು ಅಷ್ಟರಲ್ಲಿ ಬೇರೆ ಯಾರದೋ ಪಾಲಾಗಿದ್ದವು.

ಬೇರೆ ಲಾಟಿನ ಆರು ಬಾಟಲಿ ಒಯ್ದುಕೊಟ್ಟೆ. ಅಕ್ಕಾರು ಕನ್ನಡಕ ಏರಿಸಿ ನಂಬರು ಓದಿದರು. ಇದು ಬೇರೆ ಅಂದರು. ನಾನು ಯೋಚಿಸಲೂ ಇಲ್ಲ. ಕಂಪನಿಯವರು ಅದೇ ಸರಕನ್ನು ಮತ್ತೆ ಪ್ಯಾಕು ಮಾಡಿ ಹೊಸ ನಂಬರು ಹಚ್ಚಿದ್ದಾರೆ, ಒಳಗಿನದು ಅದೇ, ಎಂದುಬಿಟ್ಟೆ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಮತ್ತೆ ಪರೀಕ್ಷೆ ಮಾಡಬೇಕೆಂದರೆ ಇನ್ನೂ ನಾಲ್ಕು ಇಲಿ ಬೇಕು.

"ನೀ ಖಾತ್ರಿ ಹೇಳ್ತಿ ಅಂದ್ರ ಬ್ಯಾಡ ಬಿಡು. ನಾಕು ಜೀವ ಉಳೀತಾವ."

ಇಲ್ಲಿ ನಾನು ಬಾಯಿ ತೆರೆಯಬಹುದಿತ್ತು. ತೆರೆದದ್ದು ರಸೀದಿಗೆ ಸಹಿ ಕೇಳಲು.

ಎರಡು ತಿಂಗಳಲ್ಲಿ ವಿಷಯ ಕೆಟ್ಟಿತು. ಎಷ್ಟು ಜಾಗ್ರತೆಯಿಂದ ಬಿಡಿಸಿದರೂ ಆಧಾರ ಕೋಶಗಳು ಸಿಗಲಿಲ್ಲ. ರೋಗ ಬಂದ ಇಲಿಯಲ್ಲೂ ಇಲ್ಲ, ಆರೋಗ್ಯದ ಇಲಿಯಲ್ಲೂ ಇಲ್ಲ. ಆರೋಗ್ಯದ್ದರಲ್ಲೂ ಇಲ್ಲವೆಂದರೆ ತಪ್ಪು ಮಾಡುವುದರಲ್ಲೇ ಇದೆ ಅಂತ ಎಲ್ಲರಿಗೂ ತಿಳಿಯಿತು. ನೀರು ಬದಲಿಸಿದರು, ಹೊಸ ಜಾಲರಿ ತರಿಸಿದರು, ಬಿಸಿಯ ಪೆಟ್ಟಿಗೆಯ ಉಷ್ಣತೆ ಅಳೆಸಿದರು. ಹೊಸ ಜಾಲರಿಗಳನ್ನು ಮಾರಿದ್ದು ನಾನೇ. ಒಂದು ದಿನ ಮುಖ್ಯಸ್ಥೆ ನನ್ನೆದುರಿಗೇ ಬೇಸರದಿಂದ, ಅಕ್ಕನಿಗೆ ವಯಸ್ಸಾಯ್ತೇನೋ ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಹೇಳುವಾಗ ಅವರ ಮುಖ ಸಣ್ಣಗಾಗಿತ್ತು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

ಅಕ್ಕಾರು ನನ್ನನ್ನು ಒಂದೇ ಸಲ ಕೇಳಿದರು. ನಾನು ಲಿಫ್ಟಿಗೆ ಕಾಯುತ್ತಿದ್ದೆ, ಕೋಟು ಬಿಚ್ಚದೆಯೇ ಹಿಂದೆ ಬಂದರು.

"ಆ ನಂಬರಿನ ಮಾತು ಖರೇನ ಹೌದಲ್ಲ?"

"ಹೌದ್ರಿ ಅಕ್ಕಾರ. ನಾ ಯಾಕ ಸುಳ್ಳು ಹೇಳ್ಲಿ."

"ಹಂಗಲ್ಲವಾ, ಕೇಳಿದೆ ಅಷ್ಟ." ಆಮೇಲೆ ತಮ್ಮ ಎರಡು ಕೈಗಳನ್ನೂ ಮುಂದೆ ಚಾಚಿ ನೋಡಿಕೊಂಡರು. "ಮತ್ತ ಇವಾ ಕೆಟ್ಟಿರಬೇಕು."

ಮೊದಲ ಸುಳ್ಳನ್ನು ನಾನು ಆತುರದಲ್ಲಿ ಹೇಳಿದೆ ಅಂತ ಹೇಳಿಕೊಳ್ಳಬಹುದು. ಈ ಎರಡನೆಯದಕ್ಕೆ ಅಂಥ ನೆಪವೂ ಇಲ್ಲ. ಲಿಫ್ಟು ಬರಲು ಸಾಕಷ್ಟು ಹೊತ್ತು ಹಿಡಿದಿತ್ತು.

ಇದಕ್ಕಿಂತ ಕೆಟ್ಟದ್ದು ಇನ್ನೂ ಇದೆ. ಕೈಯ ಕೆಲಸದ ಮೇಲೆ ಭರವಸೆ ಹೋದ ಮುಖ್ಯಸ್ಥೆ, ಅಂಗಾಂಶ ಬಿಡಿಸುವ ಯಂತ್ರವೊಂದರ ಬಗ್ಗೆ ವಿಚಾರಿಸಿದರು. ನಾನು ದರ ಕೊಟ್ಟೆ, ಚೌಕಾಸಿ ಮಾಡಿದೆ, ಮಾರಿದೆ. ಅದರ ಜೊತೆಗೆ ಕಂಪನಿ ತನ್ನದೇ ಕಿಣ್ವದ ಪೊಟ್ಟಣ ಕೊಡುತ್ತದೆ. ಯಂತ್ರ ಹಚ್ಚಿದ ಮೊದಲ ವಾರವೇ ಕೋಶಗಳು ಸಾಲುಸಾಲಾಗಿ ಕಾಣಿಸಿದವು. ಕಂಡವರೆಲ್ಲ ಯಂತ್ರವನ್ನು ಹೊಗಳಿದರು. ಬದಲಾದದ್ದು ಕೈ ಮಾತ್ರವಲ್ಲ, ಕಿಣ್ವವೂ ಬದಲಾಗಿದೆ ಅಂತ ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅಕ್ಕಾರು ಪರದೆಯ ಮುಂದೆ ನಿಂತು ಚುಕ್ಕಿಗಳನ್ನು ಬಹಳ ಹೊತ್ತು ನೋಡಿದರು. ಚಲೋ ಆತು, ಅಂದರು. ಅವರಿಗೆ ಸಂತೋಷವೇ ಆಗಿತ್ತು. ಅವು ಅಲ್ಲಿವೆ ಎನ್ನುವ ಸಂತೋಷ.

ಅರ್ಜಿ ಮುಂದಕ್ಕೆ ಹೋಗಲಿಲ್ಲ. ಅಕ್ಕಾರು ಅರವತ್ತು ತುಂಬಿದ ತಿಂಗಳೇ ನಿವೃತ್ತರಾದರು. ಹೋಗುವ ಮುಂಚೆ ಪ್ರಯೋಗದ ದಾಖಲೆ ಪುಸ್ತಕ ಮುಗಿಸಬೇಕಲ್ಲ. ಸಿಗದೆ ಹೋದ ಎಂಟು ಪ್ರಯೋಗಗಳ ಕೆಳಗೆ, ಕಾರಣ ಎನ್ನುವಲ್ಲಿ, ತಮ್ಮ ದುಂಡು ಅಕ್ಷರದಲ್ಲಿ ಬರೆದರು: ಮಾಡಿದವರ ಕೈ. ಯಾರೂ ಬರೆಯಿರಿ ಅಂತ ಹೇಳಿರಲಿಲ್ಲ. ಬೀಳ್ಕೊಡುಗೆಯ ಕೇಕು ಕತ್ತರಿಸಲು ಚಾಕು ಕೊಟ್ಟಾಗ, ಇದನ್ನೂ ಯಂತ್ರಕ್ಕೇ ಕೊಡಿ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ವರ್ಷದ ಮೇಲೆ ದೇಹೂ ರೋಡಿನ ಅವರ ಮನೆಗೆ ಹೋದೆ. ಆ ಕಡೆ ಒಂದು ವಸೂಲಿ ಇತ್ತು, ಮುಗಿಸಿ ಹಾಗೇ ಹೋದೆ. ಅವರಿಗಾಗಿಯೇ ಹೋದೆ ಅಂದರೆ ಅದೂ ಸುಳ್ಳಾಗುತ್ತದೆ. ಯಜಮಾನರು ವಾಕಿಂಗಿಗೆ ಹೋಗಿದ್ದರು. ಅಕ್ಕಾರು ಚಹಾ ತಂದರು. ಕಪ್ಪು ಅರ್ಧಕ್ಕೇ ಇತ್ತು. ಪ್ರಯೋಗಾಲಯದಲ್ಲಿ ನನಗೆ ಅಂಚಿನವರೆಗೆ ತುಂಬಿಸಿ ಕೊಟ್ಟು, ಚೆಲ್ಲದೆ ಎತ್ತು ನೋಡೋಣ ಅಂತ ಕೀಟಲೆ ಮಾಡುತ್ತಿದ್ದವರು. ನಾನು ಕಪ್ಪನ್ನೇ ನೋಡುತ್ತಿರುವುದು ಕಂಡು ತಾವೇ ಹೇಳಿದರು: ತುಂಬಿಸಲು ಧೈರ್ಯ ಬರುವುದಿಲ್ಲ, ಸೂಜಿಗೆ ದಾರ ಹಾಕುವುದನ್ನೂ ಬಿಟ್ಟಿದ್ದೇನೆ, ಮೊಮ್ಮಗಳ ಉಗುರು ಕತ್ತರಿಸುವುದು ಕೂಡ ಬೇಡ ಅಂದಿದ್ದೇನೆ. ನಡುಗುತ್ತವೆಯೇ ಅಂತ ಕೇಳಿದೆ. ಕಾಣುವ ಹಾಗೆ ಏನೂ ನಡುಗುವುದಿಲ್ಲ ಅಂದರು. "ಒಳಗ ಏನೋ ಕೆಟ್ಟದ. ಇಲ್ಲಾಂದ್ರ ಎಂಟು ಸಲ ಹಂಗ ಆಗೂದಿಲ್ಲ."

ಆಗ ಹೇಳಿದೆ. ಮುಂಗಡ, ಮೂರು ತಿಂಗಳು, ಬೇರೆ ಲಾಟು, ಎರಡು ಸಲದ ಸುಳ್ಳು, ಯಂತ್ರದ ಜೊತೆ ಬಂದ ಕಿಣ್ವ, ಎಲ್ಲ. ಹೇಳಿ ಮುಗಿಸಿದ ಮೇಲೆ ಅವರು ಸಮಾಧಾನ ಹೇಳುತ್ತಾರೆಂದು ನನ್ನ ಒಳಗೆ ಒಂದು ಆಸೆ ಇತ್ತು. ನಾನು ಅತ್ತಿದ್ದೆ ಕೂಡ. ಅಕ್ಕಾರು ಸಮಾಧಾನ ಹೇಳಲಿಲ್ಲ.

"ಎಂಟು ಸಲ. ಒಂದೊಂದು ಸಲಕ್ಕ ನಾಕು. ಮೂವತ್ತೆರಡು ಜೀವ ಕಳದಿ ನನ್ನ ಕೈಯಿಂದ," ಅಂದರು. ಆಮೇಲೆ, "ಮತ್ತ ನನ್ನ ಕೈಗೆ ಹೆಸರಿಟ್ಟಿ. ನಾ ಒಂದು ವರ್ಷ ಇವನ್ನ ಹೊತ್ಕೊಂಡು ತಿರಗ್ಯಾಡೀನಿ, ಬ್ಯಾರೆಯವರ ಕೈ ಹೊತ್ಕೊಂಡಂಗ."

ಸಿಟ್ಟಿನಲ್ಲಿ ಅವರ ದನಿ ಏರಲಿಲ್ಲ, ಇನ್ನೂ ಇಳಿಯಿತು. ಲಾಟ್ ನಂಬರು ಇನ್ನೂ ನಿನ್ನ ಹತ್ತಿರ ಇದೆಯೇ ಅಂತ ಕೇಳಿದರು. ಬಿಲ್ಲುಗಳು ಇವೆ ಎಂದೆ. ಒಂದು ಕಾಗದದಲ್ಲಿ ಎರಡೂ ನಂಬರು ಬರೆದು ಆ ಹುಡುಗಿಗೆ ಕೊಡು, ಪುಸ್ತಕ ತಿದ್ದಲಿ ಅಂದರು. ಮುಂದೆ ಯಾರೋ ಆ ಪುಟ ಓದಿ ಈ ಕೋಶಗಳನ್ನು ಕೈಯಿಂದ ಬಿಡಿಸಲು ಆಗುವುದೇ ಇಲ್ಲ ಅಂತ ತಿಳಿದಾರು. ಯಂತ್ರ ಕೊಳ್ಳಲು ಆಗದ ಸಣ್ಣ ಪ್ರಯೋಗಾಲಯದವರು ಆ ಕೆಲಸವನ್ನೇ ಬಿಟ್ಟಾರು. ನೀವೇ ಒಂದು ಮಾತು ಹೇಳಬಾರದೇ ಅಂತ ಕೇಳಿದೆ. ನನ್ನ ಹೇಡಿತನ ಅಲ್ಲಿಯೂ ಕೆಲಸ ಮಾಡುತ್ತಿತ್ತು.

"ನಾ ಹೇಳಿದ್ರ, ಮುದುಕಿ ತನ್ನ ತಪ್ಪು ಬ್ಯಾರೆಯವರ ಮ್ಯಾಲೆ ಹಾಕ್ತಾಳ ಅಂತಾರ. ಕಾಗದ ನಿನ್ನ ಕಡೆ ಅದ. ನೀ ಕೊಡಬೇಕು."

ಕೊಡುತ್ತೇನೆ ಎಂದು ಮಾತು ಕೊಟ್ಟು ಬಂದೆ. ಆಗ ಆ ಸಂಸ್ಥೆಯಲ್ಲಿ ಮೂರು ವರ್ಷದ ಪೂರೈಕೆಗೆ ಟೆಂಡರು ಕರೆದಿದ್ದರು. ಸುಳ್ಳು ಸರಕು ಕೊಟ್ಟೆ ಅಂತ ಬರೆದುಕೊಟ್ಟರೆ ನನ್ನ ಹೆಸರು ಕಪ್ಪುಪಟ್ಟಿಗೆ ಹೋಗುವುದು ಖಂಡಿತ. ಟೆಂಡರು ಮುಗಿಯಲಿ ಅಂದುಕೊಂಡೆ. ಅಕ್ಕಾರು ತಿಂಗಳಿಗೊಮ್ಮೆ ಫೋನು ಮಾಡುವರು. ಕ್ಷೇಮಸಮಾಚಾರ ಇಲ್ಲ. "ಕೊಟ್ಟಿ?" ಅಂತ ಒಂದೇ ಮಾತು. ಇನ್ನೂ ಇಲ್ಲ ಅಂದರೆ "ಹ್ಞೂಂ" ಅಂದು ಇಡುವರು. ಟೆಂಡರು ನನಗೇ ಆಯಿತು. ಆದಮೇಲೆ, ಮೊದಲ ಬಿಲ್ಲು ಪಾಸಾಗಲಿ ಅಂದುಕೊಂಡೆ. ಐದನೆಯ ತಿಂಗಳು ಅವರ ಹೆಸರು ಮೊಬೈಲಿನಲ್ಲಿ ಕಂಡಾಗ ನಾನು ಎತ್ತಲಿಲ್ಲ. ಆರನೆಯ ತಿಂಗಳು ಫೋನು ಬರಲಿಲ್ಲ. ಅವರು ಸಿಟ್ಟಾಗಿ ಬಿಟ್ಟುಬಿಟ್ಟರು ಅಂದುಕೊಂಡು, ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಹಗುರವೆನಿಸಿತು.

ಅಷ್ಟರಲ್ಲಾಗಲೇ ಅಕ್ಕಾರು, ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಕುರ್ಚಿಯಲ್ಲಿ ಕೂತವರು ಕೂತ ಹಾಗೇ ಹೋಗಿಬಿಟ್ಟಿದ್ದರು. ಸುದ್ದಿ ಹೇಳಿದ್ದು ಮುಖ್ಯಸ್ಥೆ. ನಾನು ದೇಹೂ ರೋಡಿಗೆ ಹೋದಾಗ ಎಲ್ಲ ಮುಗಿದಿತ್ತು. ಯಜಮಾನರು ನನ್ನ ಕೈ ಹಿಡಿದು, ನಿನ್ನ ಹೆಸರು ಭಾಳ ಹೇಳತಿದ್ಲು ಅಂದರು. ಏನು ಹೇಳುತ್ತಿದ್ದರು ಅಂತ ನಾನು ಕೇಳಲಿಲ್ಲ. ಮುಂದಿನ ಕೋಣೆಯ ಕಿಟಕಿಯ ಹತ್ತಿರ ಹೊಲಿಗೆಯ ಡಬ್ಬಿ ತೆರೆದಿತ್ತು. ಕೆಂಪು ದಾರ ಪೋಣಿಸಿದ ಸೂಜಿಯನ್ನು ಒಂದು ಅರ್ಧ ಹೊಲಿದ ಲಂಗದ ಅಂಚಿಗೆ ಚುಚ್ಚಿಟ್ಟಿದ್ದರು. ಅವರು ಮತ್ತೆ ಹೊಲಿಯಲು ಶುರುಮಾಡಿದ್ದರು. ಅಷ್ಟನ್ನಾದರೂ ಹೇಳಿ ಬಂದೆನಲ್ಲ ಅಂತ ನನಗೆ ಅನಿಸಿತು, ಮತ್ತು ಹಾಗೆ ಅನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಸೂಜಿ ಅವರಿಗೆ ಸಿಕ್ಕಿತು. ಪುಸ್ತಕದ ಪುಟ ಸಿಗಲಿಲ್ಲ.

ಮರುವಾರ ಕಾಗದ ಬರೆದೆ. ಎರಡು ಲಾಟ್ ನಂಬರು, ಬಿಲ್ಲಿನ ನಕಲು, ನಾನು ಏನು ಹೇಳಿದ್ದೆ ಎನ್ನುವುದು. ಮುಖ್ಯಸ್ಥೆ ನಿಂತುಕೊಂಡೇ ಓದಿದರು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದರು.

"ಅಕ್ಕನಿಗೆ ಗೊತ್ತಿತ್ತಾ ಇದು?"

"ಗೊತ್ತಿತ್ತು. ಏಳು ತಿಂಗಳ ಹಿಂದೆ ಹೇಳಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ? ಒಂದೇ ಒಂದು ಫೋನ್ ಮಾಡಿದ್ರೆ ಸಾಕಿತ್ತು. ನಾನು ಹೋಗಿ ಸಾರಿ ಕೇಳ್ತಿದ್ದೆ ಅವರನ್ನ. ಆ ಛಾನ್ಸೂ ಕೊಡ್ಲಿಲ್ಲ ನೀವು."

ಟೆಂಡರು ಇತ್ತು ಎಂದೆ. ಬೇರೆ ಕಾರಣ ಇರಲಿಲ್ಲ. ಆಕೆ ನನ್ನನ್ನು ಬೈಯಲಿಲ್ಲ, ಕೂರಲೂ ಹೇಳಲಿಲ್ಲ. ಕಪಾಟಿನಿಂದ ದಾಖಲೆ ಪುಸ್ತಕ ತೆಗೆದು ಆ ಪುಟ ಹುಡುಕಿದರು. ಪ್ರಯೋಗಾಲಯದ ಪುಸ್ತಕದಲ್ಲಿ ಏನನ್ನೂ ಅಳಿಸುವ ಹಾಗಿಲ್ಲ. ಹಳೆಯದು ಓದಲು ಬರುವ ಹಾಗೆ ಮೇಲೊಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ತಾರೀಕು ಹಾಕಿ ಸಹಿ ಮಾಡಬೇಕು. ಆಕೆ 'ಮಾಡಿದವರ ಕೈ' ಎನ್ನುವುದರ ಮೇಲೆ ಗೆರೆ ಎಳೆದರು. ಪಕ್ಕದಲ್ಲಿ, ಕಿಣ್ವದ ಲಾಟು ಬೇರೆ, ಪೂರೈಕೆದಾರರು ತಪ್ಪು ಮಾಹಿತಿ ಕೊಟ್ಟಿದ್ದರು, ಎಂದು ನಂಬರು ಸಮೇತ ಬರೆದರು. ಸಾಕ್ಷಿಯ ಜಾಗದಲ್ಲಿ ನನ್ನಿಂದ ಸಹಿ ಮಾಡಿಸಿದರು. ಮುಂದೆ ಆ ಪುಟ ತೆರೆದವರಿಗೆ ಅಕ್ಕಾರ ಕೈಯಲ್ಲಿ ಕೊರತೆಯಿರಲಿಲ್ಲ ಎನ್ನುವುದು ತಿಳಿಯುತ್ತದೆ. ಅವರು ತೀರಿಹೋದ ದಿನ ಗೊತ್ತಿದ್ದವರು ಪಕ್ಕದ ತಾರೀಕು ನೋಡಿದರೆ, ನಾನು ಎಂಥವಳು ಎನ್ನುವುದೂ ತಿಳಿಯುತ್ತದೆ. ಎರಡೂ ಅಲ್ಲಿ ಇರುವುದೇ ಸರಿ.

ಸಲಹೆ ಕೊಡುವುದು ನನ್ನ ಚಟ, ಕೇಳದಿದ್ದರೂ ಕೊಡುತ್ತೇನೆ. ನೀವು ಮಾರುವವರಾದರೆ ಬೆಲೆಯ ಮೇಲೆ ಎಷ್ಟು ಬೇಕಾದರೂ ಎಳೆದಾಡಿ, ಡಬ್ಬಿಯೊಳಗೆ ಏನಿದೆ ಎನ್ನುವುದರ ಮೇಲೆ ಬೇಡ. ಹಿಡಿದಿಟ್ಟಿದ್ದೇನೆ ಅನ್ನುವ ಮುಂಚೆ ಹಿಡಿದಿಡಿ. ಸರಕು ಬದಲಾದರೆ ಡಬ್ಬಿ ತಲುಪುವ ಮೊದಲು ಫೋನು ಮಾಡಿ. ಆಗ ಹೋಗುವುದು ಒಂದು ಆರ್ಡರು, ಅಷ್ಟೇ. ಕೊಳ್ಳುವವರಾದರೆ, ಪೂರೈಕೆದಾರರ ಮುಖ ನೋಡಿ ನಂಬರನ್ನು ನಂಬಬೇಡಿ, ಎಷ್ಟೇ ನಿಮ್ಮೂರಿನವರಾಗಿರಲಿ, ಕಂಪನಿಯಿಂದ ಬರೆಸಿಕೊಳ್ಳಿ. ತಪ್ಪು ಒಪ್ಪಿಕೊಳ್ಳುವ ದಿನ ಬಂದರೆ, ನೊಂದವರ ಮನೆಗೆ ಹೋಗಿ ಅತ್ತು ಹಗುರಾಗಿ ಬಂದು ಅಷ್ಟಕ್ಕೇ ನಿಲ್ಲಬೇಡಿ. ಆ ತಪ್ಪು ಎಲ್ಲಿ ಬರೆದಿದೆಯೋ ಅಲ್ಲಿಗೆ ಅದೇ ದಿನ ಕಾಗದ ಹಿಡಿದು ಹೋಗಿ, ಟೆಂಡರು ಇದ್ದರೂ ಹೋಗಿ. ಮತ್ತೆ, ಮೂವತ್ತು ವರ್ಷ ಚೆನ್ನಾಗಿ ಕೆಲಸ ಮಾಡಿದ ಯಾ‍ರಾದರೂ ನಿಮ್ಮೆದುರು ಕೈ ಚಾಚಿ, ಇವೇ ಕೆಟ್ಟಿರಬೇಕು ಅಂದರೆ, ಅವರ ಕೈ ನೋಡುವುದಕ್ಕೆ ಮುಂಚೆ ಅವರಿಗೆ ಕೊಟ್ಟ ಬಾಟಲಿಯ ಮೇಲಿನ ನಂಬರು ಓದಿ.